ಷೇರು ಪೇಟೆ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವಳು ನಾನು. ನಿವೃತ್ತಿ ಆದಮೇಲೂ ಶಿವಮೊಗ್ಗದ ನಮ್ಮ ಲೇಔಟಿನಲ್ಲಿ ವಾಕಿಂಗ್ ಹೊರಟರೆ ಸಾಕು, ಯಾರಾದರೂ ಒಬ್ಬರು "ಮೇಡಂ, ಒಂದ್ನಿಮಿಷ" ಅಂತ ನಿಲ್ಲಿಸುತ್ತಾರೆ. ಮೊದಲು ಎಫ್‌ಡಿ ಬಡ್ಡಿ ಎಷ್ಟು ಅಂತ ಕೇಳುತ್ತಿದ್ದರು. ಈಗ ಎಲ್ಲರದೂ ಷೇರಿನ ಮಾತು. ಒಂದೇ ಉತ್ತರವನ್ನು ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಯಾವ ಷೇರು ಕೊಳ್ಳಬೇಕು ಅಂತ ಮಾತ್ರ ಕೇಳಬೇಡಿ. ಹಾಗೆ ಹೇಳಲು ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನೋಂದಣಿ ಬೇಕು, ನನಗಿಲ್ಲ.

ಷೇರು ಅಂದರೆ ಜೂಜು ಅಲ್ವಾ ಮೇಡಂ?

ಜೂಜಿನ ಹಾಗೆ ಆಡಿದರೆ ಜೂಜೇ. ಷೇರು ಅಂದರೆ ಕಂಪನಿಯಲ್ಲಿ ಒಂದು ಪಾಲು, ಅಷ್ಟೇ. ನಾಲ್ಕು ಜನ ಸೇರಿ ಅಡಿಕೆ ಮಂಡಿ ಇಟ್ಟರೆ ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು ಇರುತ್ತದಲ್ಲ, ಅದೇ ಲೆಕ್ಕ. ಆದರೆ ಮಂಡಿಯ ಪಾಲನ್ನು ಬೇಕೆಂದಾಗ ಮಾರಲು ಆಗುವುದಿಲ್ಲ. ಇದನ್ನು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರ ಒಳಗೆ ಯಾವಾಗ ಬೇಕಾದರೂ ಮಾರಬಹುದು. ಅನುಕೂಲವೂ ಅದೇ, ಕಾಟವೂ ಅದೇ. ನಿಮ್ಮ ಸೈಟಿನ ಬೆಲೆಯನ್ನು ಯಾರೂ ನಿಮಿಷಕ್ಕೊಮ್ಮೆ ಗೇಟಿನ ಹತ್ತಿರ ಬಂದು ಕೂಗುವುದಿಲ್ಲ. ಅದಕ್ಕೇ ಸೈಟು ತಗೊಂಡವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಸೆನ್ಸೆಕ್ಸ್ 80 ಸಾವಿರ ಅಂತಾರಲ್ಲ, ಅದು ರೂಪಾಯಿಯಾ?

ಅಲ್ಲ, ಅದೊಂದು ಅಳತೆ. ಮುಂಬೈ ಷೇರು ಪೇಟೆಯ 30 ದೊಡ್ಡ ಕಂಪನಿಗಳ ಒಟ್ಟು ಬೆಲೆಯನ್ನು 1978-79ರಲ್ಲಿ 100 ಅಂತ ಇಟ್ಟುಕೊಂಡು, ಅಲ್ಲಿಂದ ಎಷ್ಟು ಏರಿದೆ ಅಂತ ಲೆಕ್ಕ ಹಾಕುತ್ತಾರೆ. ನಿಫ್ಟಿಯೂ ಹೀಗೇ, ಅದರಲ್ಲಿ 50 ಕಂಪನಿಗಳು. ಅದರ ಲೆಕ್ಕ 1995ರ ನವೆಂಬರ್‌ನ 1,000ದಿಂದ ಶುರು.

ಟಿವಿಯಲ್ಲಿ "800 ಅಂಕ ಕುಸಿತ" ಅಂತ ಕೆಂಪು ಅಕ್ಷರದಲ್ಲಿ ತೋರಿಸಿದರೆ ಗಾಬರಿ ಬೀಳಬೇಡಿ. 80 ಸಾವಿರದಲ್ಲಿ 800 ಅಂದರೆ ನೂರಕ್ಕೆ ಒಂದು. ಟೊಮೆಟೊ ಬೆಲೆ ಇದಕ್ಕಿಂತ ಜಾಸ್ತಿ ಕುಣಿಯುತ್ತದೆ.

ಈಗ ಪೇಟೆ ತುಂಬ ಮೇಲಿದೆ. ಬೀಳುವವರೆಗೆ ಕಾದು ಹಾಕೋಣವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಪೇಟೆ ಮೇಲಿದ್ದಾಗ "ಇಳಿಯಲಿ" ಅನ್ನುತ್ತಾರೆ. ಇಳಿದಾಗ "ಇನ್ನೂ ಇಳಿಯಬಹುದು" ಅನ್ನುತ್ತಾರೆ. ಒಟ್ಟಿನಲ್ಲಿ ಹಾಕುವುದಿಲ್ಲ.

ನಡೆದದ್ದನ್ನು ನೋಡಿ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ದಾಟಿತ್ತು. ಅಮೆರಿಕದ ಬ್ಯಾಂಕುಗಳ ಗಲಾಟೆಯಲ್ಲಿ 2009ರ ಮಾರ್ಚ್ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಬಂತು. ಜನವರಿಯ ಆ ಗರಿಷ್ಠ ಮಟ್ಟವನ್ನು ನಿಜವಾಗಿ ದಾಟಿದ್ದು 2013ರ ದೀಪಾವಳಿ ಹೊತ್ತಿಗೆ. ಹತ್ತಿರ ಹತ್ತಿರ ಆರು ವರ್ಷ! 2007ರ ಕೊನೆಯಲ್ಲಿ ಮಗಳ ಮದುವೆಯ ದುಡ್ಡನ್ನು ಷೇರಿಗೆ ಹಾಕಿ, 2009ರಲ್ಲಿ ಛತ್ರ ಬುಕ್ ಮಾಡಬೇಕಾದವರ ಗತಿ ಯೋಚಿಸಿ. ಅಂಥವರು ನಮ್ಮ ಕೌಂಟರಿಗೆ ಚಿನ್ನದ ಸಾಲಕ್ಕೆ ಬಂದದ್ದನ್ನು ನಾನೇ ನೋಡಿದ್ದೇನೆ.

2020ರದು ಬೇರೆ ಕಥೆ. ಜನವರಿಯಲ್ಲಿ 42 ಸಾವಿರ ಇತ್ತು. ಕೊರೊನಾ ಬಂತು. ಮಾರ್ಚ್ 23ರಂದು ಒಂದೇ ದಿನ ನೂರಕ್ಕೆ 13ರಷ್ಟು ಬಿದ್ದು 25,981ಕ್ಕೆ ನಿಂತಿತು. ಎಲ್ಲರೂ ಮುಗಿಯಿತು ಅಂದುಕೊಂಡರು. ನವೆಂಬರ್‌ಗೆ ಹಳೇ ಮಟ್ಟ ವಾಪಸ್ ಬಂತು. 2021ರ ಜನವರಿಯಲ್ಲಿ 50 ಸಾವಿರ ಮುಟ್ಟಿತು. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, 4,390 ಅಂಕ ಬಿತ್ತು. ಅದೇ ವಾರದ ಶುಕ್ರವಾರ ಹೊಸ ದಾಖಲೆ! ಆಮೇಲೆ ಸೆಪ್ಟೆಂಬರ್‌ನಲ್ಲಿ 86 ಸಾವಿರದ ಹತ್ತಿರ ಹೋಗಿ, 2025ರ ಮಾರ್ಚ್ ಶುರುವಿಗೆ 73 ಸಾವಿರದ ಸುತ್ತ ಬಂತು.

ಒಂದು ಸಲ ಆರು ವರ್ಷ, ಒಂದು ಸಲ ಹತ್ತು ತಿಂಗಳು, ಒಂದು ಸಲ ಮೂರು ದಿನ. ಬೀಳುವುದು ಖಂಡಿತ. ಯಾವಾಗ ಏಳುತ್ತದೆ ಅನ್ನುವುದಕ್ಕೆ ಪಂಚಾಂಗ ಇಲ್ಲ. ಹಾಗಾಗಿ ಪೇಟೆ ಮೇಲಿದೆಯಾ ಕೆಳಗಿದೆಯಾ ಅಂತ ನನ್ನನ್ನು ಕೇಳಬೇಡಿ. ಆ ದುಡ್ಡು ನಿಮಗೆ ಯಾವಾಗ ಬೇಕು ಅಂತ ನಾನೇ ನಿಮ್ಮನ್ನು ಕೇಳುತ್ತೇನೆ. ಏಳೆಂಟು ವರ್ಷ ಕೈಯಿಡದೆ ಬಿಡಬಹುದಾದ ದುಡ್ಡಾದರೆ ಇವತ್ತೇ ಶುರು ಮಾಡಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಬರುವ ವರ್ಷ ಕಾಲೇಜು ಫೀಸಿಗೆ ಬೇಕಾದ ದುಡ್ಡಾದರೆ ಪೇಟೆ ಎಲ್ಲೇ ಇರಲಿ, ಬೇಡ.

ಹಾಗಾದರೆ ಎಫ್‌ಡಿ ಮುರಿದು ಹಾಕಲಾ?

ಎಲ್ಲವನ್ನೂ ಅಲ್ಲ. ಮೊದಲು ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಇರಲಿ. ಇಡೀ ಮನೆಗೆ ಆರೋಗ್ಯ ವಿಮೆ ಇರಲಿ. ಒಬ್ಬರ ದುಡಿಮೆಯಲ್ಲೇ ಮನೆ ನಡೆಯುತ್ತಿದ್ದರೆ ಅವರ ಹೆಸರಿಗೆ ಟರ್ಮ್ ವಿಮೆ (ತೀರಿಕೊಂಡರೆ ಮನೆಯವರಿಗೆ ದುಡ್ಡು ಬರುವ ವಿಮೆ) ಇರಲಿ. ಇದೆಲ್ಲ ಆದಮೇಲೆ ಉಳಿಯುವ ದುಡ್ಡು ಷೇರಿನದು. ಬ್ಯಾಂಕ್ ಮುಳುಗಿದರೂ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ಷೇರಿಗೆ ಅಂಥದ್ದು ಏನೂ ಇಲ್ಲ.

ಸಾಲ ಮಾಡಿ ಹಾಕಬಹುದಾ?

ಬೇಡ. ಚೀಟಿ ಎತ್ತಿ ಹಾಕುವುದೂ ಸಾಲವೇ.

ವಿದೇಶಿಯರು ಮಾರುತ್ತಿದ್ದಾರಂತೆ. ನಾವೂ ಮಾರಬೇಕಾ?

ವಿದೇಶಿ ಹೂಡಿಕೆದಾರರು ಡಾಲರ್ ಬೆಲೆ, ಅಮೆರಿಕದ ಬಡ್ಡಿ ದರ, ಚೀನಾ ಪೇಟೆ ನೋಡಿಕೊಂಡು ಬರುತ್ತಾರೆ, ಹೋಗುತ್ತಾರೆ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ನಮ್ಮ ಷೇರುಗಳಿಂದ ಅವರು ಹೊರತೆಗೆದದ್ದು ಸುಮಾರು 94 ಸಾವಿರ ಕೋಟಿ ರೂಪಾಯಿ. ಹಿಂದೆ ಹೀಗಾಗಿದ್ದರೆ ಪೇಟೆ ನೆಲಕಚ್ಚುತ್ತಿತ್ತು. ಈ ಸಲ ಇಳಿಯಿತು, ಆದರೆ ಮುರಿದುಬೀಳಲಿಲ್ಲ. ಅದೇ ತಿಂಗಳು ನಮ್ಮ ಜನ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಕಂತು) ಮೂಲಕ ಹಾಕಿದ ದುಡ್ಡು ಮೊದಲ ಬಾರಿ 25 ಸಾವಿರ ಕೋಟಿ ದಾಟಿತ್ತು. ಮೇಷ್ಟ್ರು, ನರ್ಸಮ್ಮ, ಗ್ಯಾರೇಜಿನವರು, ಎಲ್ಲರ ಸಾವಿರ ಎರಡು ಸಾವಿರ ಸೇರಿ ಆದ ಮೊತ್ತ ಅದು. ಇತ್ತೀಚಿನ ವರ್ಷಗಳ ದೊಡ್ಡ ಬದಲಾವಣೆ ಅಂದರೆ ನನಗೆ ಕಾಣುವುದು ಇದೇ. ಜನರ ದುಡ್ಡು ಒಟ್ಟುಮಾಡಿ ಹಲವು ಕಂಪನಿಗಳ ಷೇರು ಕೊಳ್ಳುವ ನಮ್ಮ ಮ್ಯೂಚುವಲ್ ಫಂಡು, ಎಲ್‌ಐಸಿ ಮುಂತಾದವರು ಈಗ ವಿದೇಶಿಯರಿಗೆ ಸರಿಸಮ.

ಅವರು ಮಾರಲು ಅವರಿಗೊಂದು ಕಾರಣ ಇದೆ. ನಿಮಗೂ ಒಂದು ಕಾರಣ ಇದ್ದರೆ ಮಾರಿ.

ನೇರವಾಗಿ ಷೇರು ಕೊಳ್ಳುವುದಾ, ಮ್ಯೂಚುವಲ್ ಫಂಡಾ?

ಕಂಪನಿಯ ಬ್ಯಾಲೆನ್ಸ್ ಶೀಟ್ ಓದಲು ಬರುತ್ತದಾ? ಓದುವಷ್ಟು ಪುರುಸೊತ್ತು ಇದೆಯಾ? ಎರಡಕ್ಕೂ ಹೌದು ಅಂದರೆ ನೇರ ಷೇರು ಕೊಳ್ಳಿ. ಇಲ್ಲದಿದ್ದರೆ ಫಂಡ್ ವಾಸಿ. ನಾನು ಬ್ಯಾಂಕಿನಲ್ಲೇ ಇದ್ದರೂ ಮುಕ್ಕಾಲು ಪಾಲು ಫಂಡಿನಲ್ಲೇ ಇಟ್ಟಿದ್ದೇನೆ.

ಒಂದೇ ಕಂಪನಿಯನ್ನು ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಹೈದರಾಬಾದಿನ ಸತ್ಯಂ ನೆನಪಿಸಿಕೊಳ್ಳಿ. ದೇಶದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು, ಸೆನ್ಸೆಕ್ಸ್ ಒಳಗೇ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕ ಸುಳ್ಳು ಅಂತ ಪತ್ರ ಬರೆದರು. ಅವತ್ತು ಷೇರು ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತು. ನಿಫ್ಟಿಯ 50 ಕಂಪನಿಗಳ ಷೇರನ್ನೂ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ಒಂದು ಕಂಪನಿ ಹೀಗೆ ಮುಗ್ಗರಿಸಿದರೂ ಇನ್ನು 49 ಇರುತ್ತವೆ. ಹೊಸಬರು ಇಂಥ ಫಂಡಿನಿಂದಲೇ ಶುರು ಮಾಡಿದರೆ ಒಳ್ಳೆಯದು. ಖರ್ಚೂ ಕಡಿಮೆ.

ಖರ್ಚು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ಎರಡು ರೂಪ ಇವೆ, ಡೈರೆಕ್ಟ್ ಮತ್ತು ರೆಗ್ಯುಲರ್. ರೆಗ್ಯುಲರ್‌ನಲ್ಲಿ ಮಾರಿಕೊಟ್ಟವರಿಗೆ ವರ್ಷ ವರ್ಷ ಕಮಿಷನ್ ಹೋಗುತ್ತದೆ, ನಿಮ್ಮ ದುಡ್ಡಿನಿಂದಲೇ. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಹಾಕಿದಿರಿ ಅನ್ನಿ. ವರ್ಷಕ್ಕೆ ನೂರಕ್ಕೆ 12 ಬೆಳೆದರೆ ಸುಮಾರು 99 ಲಕ್ಷ ಆಗುತ್ತದೆ. ನೂರಕ್ಕೆ 11 ಆದರೆ ಸುಮಾರು 87 ಲಕ್ಷ. ನೂರಕ್ಕೆ ಒಂದೇ ಅಲ್ವಾ ಅಂದುಕೊಂಡದ್ದು 12 ಲಕ್ಷ! (12 ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ತೋರಿಸಲು ಅಷ್ಟೇ.) ನಿಜವಾಗಿ ಕೂತು ಮಾತಾಡುವ, ಪೇಟೆ ಬಿದ್ದಾಗ ಫೋನ್ ಎತ್ತುವ ಏಜೆಂಟರಿದ್ದರೆ ಆ ಕಮಿಷನ್ ದಂಡ ಅಲ್ಲ. ಒಂದು ಸಹಿ ಹಾಕಿಸಿಕೊಂಡು ಮಾಯವಾಗುವವರಿಗೆ ಯಾಕೆ ಕೊಡಬೇಕು?

ಇನ್ಫೋಸಿಸ್ ಷೇರು 100 ಇಟ್ಟುಕೊಂಡವರು ಕೋಟ್ಯಧಿಪತಿ ಆದರಂತೆ. ನಿಜವಾ?

ಲೆಕ್ಕ ನಿಜ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಒಂದು ಷೇರು ಅಂತ ಜನರಿಗೆ ಕೊಟ್ಟಿತು. ಆಗ ಕೇಳುವವರೇ ಇರಲಿಲ್ಲ, ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಪೂರ್ತಿ ತುಂಬಲೂ ಇಲ್ಲ. ಆಮೇಲೆ ಬೋನಸ್ ಮೇಲೆ ಬೋನಸ್ ಬಂತು, ಅಂದರೆ ಇರುವ ಷೇರಿಗೆ ಬಿಟ್ಟಿ ಷೇರು. 1994, 1997, 1999ರಲ್ಲಿ ಒಂದಕ್ಕೆ ಒಂದು. 2000ದಲ್ಲಿ ಒಂದು ಷೇರು ಒಡೆದು ಎರಡಾಯಿತು. 2004ರಲ್ಲಿ ಒಂದಕ್ಕೆ ಮೂರು. ಮತ್ತೆ 2006, 2014, 2015, 2018ರಲ್ಲಿ ಒಂದಕ್ಕೆ ಒಂದು. ಗುಣಿಸಿ ನೋಡಿ, 9,500 ರೂಪಾಯಿ ಕೊಟ್ಟು ತಗೊಂಡ 100 ಷೇರು 1,02,400 ಆಗುತ್ತವೆ. ಒಂದಕ್ಕೆ ಬರೀ 1,000 ರೂಪಾಯಿ ಅಂತ ಹಿಡಿದರೂ ಹತ್ತು ಕೋಟಿ. ಡಿವಿಡೆಂಡ್ (ಕಂಪನಿ ಹಂಚುವ ಲಾಭ) ಬೇರೆ.

ಆದರೆ ಕಥೆ ಹೇಳುವವರು ನಡುವಿನ ಕಷ್ಟ ಬಿಟ್ಟುಬಿಡುತ್ತಾರೆ. 2000ದ ಡಾಟ್‌ಕಾಂ ಗುಳ್ಳೆ (ಇಂಟರ್ನೆಟ್ ಕಂಪನಿಗಳ ಷೇರು ಅತಿಯಾಗಿ ಉಬ್ಬಿದ್ದು) ಒಡೆದಾಗ ಇದೇ ಷೇರು ಅರ್ಧಕ್ಕಿಂತ ಕೆಳಗೆ ಬಂತು. 2003ರ ಏಪ್ರಿಲ್‌ನಲ್ಲಿ ಒಂದೇ ದಿನ ಕಾಲು ಭಾಗ ಹೋಯಿತು. ಅವತ್ತು ಮಾರದೆ ಕೂತವರು ಎಷ್ಟು ಜನ? 1993ರಿಂದ ಈವರೆಗೆ ಒಂದೂ ಮಾರದವರು ಸಿಕ್ಕರೆ ಹೇಳಿ, ನಾನೇ ಹೋಗಿ ನಮಸ್ಕಾರ ಮಾಡಿ ಬರುತ್ತೇನೆ. ಇನ್ನೊಂದು ಮಾತು. ಆ ಕಾಲದಲ್ಲಿ ಐಪಿಒ ತಂದ ಎಷ್ಟೋ ಕಂಪನಿಗಳ ಹೆಸರೇ ಈಗ ಇಲ್ಲ. ಅವುಗಳ ಷೇರು ಕೊಂಡವರ ಕಥೆಯನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಐಪಿಒ ಸಿಕ್ಕರೆ ಮೊದಲ ದಿನವೇ ಲಾಭ ಅಂತಾರೆ?

ಒಮ್ಮೊಮ್ಮೆ. 2021ರ ನವೆಂಬರ್‌ನಲ್ಲಿ ಪೇಟಿಎಂ 2,150 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ ನೂರಕ್ಕೆ 27 ಬಿತ್ತು. 2022ರ ಮೇ ತಿಂಗಳಲ್ಲಿ ಎಲ್‌ಐಸಿ ಷೇರಿನ ಬೆಲೆ 949. ಪೇಟೆಗೆ ಬಂದದ್ದು 867ಕ್ಕೆ. ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಇತ್ತು ಅನ್ನಿ.

ನನ್ನದೂ ಒಂದಿದೆ. 2008ರ ಜನವರಿಯಲ್ಲಿ ಊರೆಲ್ಲ ಮಾತಾಡುತ್ತಿದ್ದ ಒಂದು ಐಪಿಒಗೆ ಹಾಕಿದೆ. ಬ್ಯಾಂಕಿನಲ್ಲಿ ಫಾರಂ ತುಂಬುವವರ ಸಾಲು ಗೇಟಿನಾಚೆ ಹೋಗಿತ್ತು. ಆ ಸಾಲು ನೋಡಿಯೇ ನನಗೆ ಬುದ್ಧಿ ಬರಬೇಕಿತ್ತು. ಆ ಷೇರು ಈಗಲೂ ನನ್ನ ಡಿಮ್ಯಾಟ್ ಖಾತೆಯಲ್ಲಿದೆ (ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆ), ಸುಮ್ನೆ ನೆನಪಿಗೆ.

ನನ್ನ ಮಗ ಆಪ್ಷನ್ ಟ್ರೇಡಿಂಗ್ ಮಾಡ್ತಾನೆ. ದಿನಾ ಎರಡು ಸಾವಿರ ದುಡೀತೀನಿ ಅಂತಾನೆ.

ಅವನ ಇಡೀ ವರ್ಷದ ಲೆಕ್ಕ ತೋರಿಸಲು ಹೇಳಿ. ಲಾಭ ಬಂದ ದಿನದ ಸ್ಕ್ರೀನ್‌ಶಾಟ್ ಸಾಲದು.

ಸೆಬಿ ತಾನೇ ಲೆಕ್ಕ ಹಾಕಿ 2024ರಲ್ಲಿ ಹೊರಗೆ ಬಿಟ್ಟಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್, ಅಂದರೆ ಷೇರು ಕೊಳ್ಳದೆ ಬೆಲೆಯ ಏರಿಳಿತದ ಮೇಲೆ ಕಟ್ಟುವ ಬಾಜಿ) ಆಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು ನೂರಕ್ಕೆ ಒಬ್ಬರು. 2024-25ರಲ್ಲೂ ಕಥೆ ಬದಲಾಗಲಿಲ್ಲ, ನೂರಕ್ಕೆ 91 ಮಂದಿಗೆ ನಷ್ಟ.

ಯಾಕೆ ಹೀಗೆ? ಷೇರು ಬಿದ್ದರೆ ಇಟ್ಟುಕೊಂಡು ಕಾಯಬಹುದು. ಆಪ್ಷನ್‌ಗೆ ಕೊನೆಯ ದಿನ ಇದೆ. ಅವತ್ತು ಸಂಜೆಯೊಳಗೆ ಅಂದುಕೊಂಡದ್ದು ಆಗದಿದ್ದರೆ ಕೊಟ್ಟ ದುಡ್ಡು ಸೊನ್ನೆ. ಎದುರಿಗೆ ಕೂತು ಆಡುವವರು ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಕಂಪನಿಗಳು. ನಿಮ್ಮ ಮಗ ಬಾಡಿಗೆ ರೂಮಿನಲ್ಲಿ ಫೋನ್ ಹಿಡಿದು ಕೂತಿದ್ದಾನೆ. ಗೆದ್ದರೂ ಸೋತರೂ ಬ್ರೋಕರಿಗೆ ಬ್ರೋಕರೇಜ್, ಸರ್ಕಾರಕ್ಕೆ ತೆರಿಗೆ. ಬೈದರೆ ಗುಟ್ಟಾಗಿ ಆಡುತ್ತಾನೆ. ಕೂತು ಲೆಕ್ಕ ಕೇಳಿ. ಮನೆಯಲ್ಲಿ ಬೇರೆಯವರ ಹೆಸರಿನಲ್ಲೂ ಸಾಲ ತೆಗೆದಿದ್ದಾನಾ ಅಂತ ಮೆಲ್ಲಗೆ ವಿಚಾರಿಸಿ.

ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಟಿಪ್ ಬರುತ್ತದೆ. ಆ್ಯಪ್‌ನಲ್ಲಿ ನನ್ನ ಒಂದು ಲಕ್ಷ ಆಗಲೇ ಮೂರು ಲಕ್ಷ ತೋರಿಸ್ತಿದೆ.

ಈಗಲೇ ಪೂರ್ತಿ ಹಣ ವಾಪಸ್ ಕೇಳಿ ನೋಡಿ. "ಮೊದಲು ತೆರಿಗೆ ಕಟ್ಟಿ", "ಇನ್ನು 50 ಸಾವಿರ ಹಾಕಿದರೆ ಬಿಡುಗಡೆ" ಅಂದರೆ ಅದು ಮೋಸ. ಆ ಮೂರು ಲಕ್ಷ ಪರದೆಯ ಮೇಲಿನ ಅಂಕಿ, ಅಷ್ಟೇ. ಇನ್ನೊಂದು ಪೈಸೆ ಹಾಕಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಬಿಡುತ್ತದೆ. ನಾಚಿಕೆ ಬೇಡ. ಡಾಕ್ಟರು, ಎಂಜಿನಿಯರು, ನಿವೃತ್ತ ಬ್ಯಾಂಕಿನವರು ಎಲ್ಲರೂ ಮೋಸ ಹೋಗಿದ್ದಾರೆ.

ನಿಜವಾದ ಬ್ರೋಕರ್ ಆದರೆ ಸೆಬಿ ಜಾಲತಾಣದ ಪಟ್ಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ ಇರುತ್ತದೆ. ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿ ಅಂತ ಅವರು ಕೇಳುವುದಿಲ್ಲ. "ತಿಂಗಳಿಗೆ ಇಷ್ಟು ಗ್ಯಾರಂಟಿ" ಅಂತಲೂ ಹೇಳುವ ಹಾಗಿಲ್ಲ. ಗ್ಯಾರಂಟಿ ಅಂದ ಕೂಡಲೇ 2019ರ ಜೂನ್ ನೆನಪಿಸಿಕೊಳ್ಳಿ. ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ ಬಾಗಿಲು ಮುಚ್ಚಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ನಿಂತ ಸಾವಿರಾರು ಜನರಲ್ಲಿ ಹೆಚ್ಚಿನವರು ನಮ್ಮಂಥವರೇ.

ಡಿಮ್ಯಾಟ್ ಖಾತೆಗೆ ಏನೇನು ಬೇಕು?

ಪ್ಯಾನ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ, ಸಹಿಯ ಫೋಟೊ. ಅರ್ಧ ಗಂಟೆಯ ಕೆಲಸ. ನಿಮ್ಮ ಷೇರು ನಿಜವಾಗಿ ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಅನ್ನುವ ಉಗ್ರಾಣದಲ್ಲಿ, ಬ್ರೋಕರ್ ಹತ್ತಿರ ಅಲ್ಲ. ಅಲ್ಲಿಂದ ನೇರವಾಗಿ ಬರುವ ಮೆಸೇಜು, ಸ್ಟೇಟ್‌ಮೆಂಟು ಓದಿ. ಒಟಿಪಿ, ಪಿನ್ ಯಾರಿಗೂ ಬೇಡ, ಅಳಿಯನಿಗೂ ಬೇಡ.

ತೆರಿಗೆ?

ಷೇರು ಅಥವಾ ಷೇರು ಫಂಡನ್ನು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ, ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ನೂರಕ್ಕೆ 12.5. ವರ್ಷದೊಳಗೆ ಮಾರಿದರೆ ನೂರಕ್ಕೆ 20. 2024ರ ಜುಲೈ 23ರಿಂದ ಬಂದ ದರ ಇದು. ಡಿವಿಡೆಂಡ್ ನಿಮ್ಮ ಉಳಿದ ಆದಾಯದ ಜೊತೆ ಸೇರುತ್ತದೆ. ಬಜೆಟ್ ಬಂದಾಗ ಒಂದು ಸಲ ನೋಡಿಕೊಳ್ಳಿ.

ಪೇಟೆ ಬಿದ್ದಿದೆ. ಎಸ್‌ಐಪಿ ನಿಲ್ಲಿಸಲಾ?

ಬಿದ್ದಾಗ ಅದೇ 2,000 ರೂಪಾಯಿಗೆ ಫಂಡಿನ ಜಾಸ್ತಿ ಯೂನಿಟ್ (ಪಾಲು) ಬರುತ್ತದೆ. ನಾನು 2009ರ ಶುರುವಿನಲ್ಲಿ ಹೆದರಿ ನಿಲ್ಲಿಸಿದೆ, ಎರಡು ವರ್ಷ ಬಿಟ್ಟು ಮತ್ತೆ ಶುರು ಮಾಡಿದೆ. ಕಡಿಮೆ ಬೆಲೆಯ ಆ ತಿಂಗಳುಗಳೇ ಕೈತಪ್ಪಿದವು. ಕೆಲಸ ಹೋಗಿದ್ದರೆ, ಮನೆಯಲ್ಲಿ ಕಾಯಿಲೆ ಇದ್ದರೆ ನಿಲ್ಲಿಸಿ, ಅದರಲ್ಲಿ ತಪ್ಪಿಲ್ಲ. ಟಿವಿ ನೋಡಿ ನಿಲ್ಲಿಸಬೇಡಿ.

ಮಗ ದುಬೈನಲ್ಲಿದ್ದಾನೆ. ಅವನ ಹಳೇ ಖಾತೆಯಲ್ಲೇ ನಡೆಸಬಹುದಾ?

ಇಲ್ಲ. ಅನಿವಾಸಿ ಆದಮೇಲೆ ಬ್ಯಾಂಕಿಗೆ, ಬ್ರೋಕರಿಗೆ, ಫಂಡಿನವರಿಗೆ ತಿಳಿಸಿ ಎನ್‌ಆರ್‌ಒ ಅನ್ನುವ ಅನಿವಾಸಿಗಳ ಖಾತೆಗೆ ಬದಲಾಯಿಸಬೇಕು. "ಯಾರಿಗೆ ಗೊತ್ತಾಗುತ್ತೆ" ಅಂತ ಬಿಟ್ಟವರು ಮಾರುವ ಹೊತ್ತಿಗೆ ಒದ್ದಾಡುತ್ತಾರೆ. ಅಮೆರಿಕ, ಕೆನಡಾದಲ್ಲಿರುವವರನ್ನು ಕೆಲವು ಫಂಡಿನವರು ಸೇರಿಸಿಕೊಳ್ಳುವುದೇ ಇಲ್ಲ, ಮೊದಲೇ ವಿಚಾರಿಸಿ.

ಮಾವನವರ ಟ್ರಂಕಿನಲ್ಲಿ ಹಳೇ ಷೇರು ಪತ್ರ ಸಿಕ್ಕಿದೆ. ಬ್ಯಾಂಕೇ ಈಗ ಇಲ್ಲ. ಬಿಸಾಕಲಾ?

ದಯವಿಟ್ಟು ಬಿಸಾಕಬೇಡಿ! ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇಂಥ ಪತ್ರ ಎಷ್ಟಿವೆಯೋ. ನಮ್ಮ ಕಡೆ ಹುಟ್ಟಿದ ಬ್ಯಾಂಕುಗಳು ವಿಲೀನ ಆದವು, ಆದರೆ ಷೇರು ಸಾಯಲಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು, 1,000 ಷೇರಿಗೆ ಬರೋಡಾದ 402 ಷೇರು ಕೊಟ್ಟರು. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಸೇರಿತು, 1,000ಕ್ಕೆ 158. ಆ ಕೆನರಾ ಷೇರು 2024ರಲ್ಲಿ ಒಂದು ಒಡೆದು ಐದಾಯಿತು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕ್ ಸೇರಿತು, 1,000ಕ್ಕೆ 330.

ಹಳೇ ಬ್ಯಾಂಕನ್ನು ಸೇರಿಸಿಕೊಂಡ ಬ್ಯಾಂಕಿನ ಷೇರು ರಿಜಿಸ್ಟ್ರಾರ್ (ಷೇರುದಾರರ ಪಟ್ಟಿ ಇಡುವವರು) ಯಾರು ಅಂತ ಅದರ ಜಾಲತಾಣದಲ್ಲಿ ನೋಡಿ, ಷೇರು ಪತ್ರದ ಮೇಲಿರುವ ಫೋಲಿಯೊ ಸಂಖ್ಯೆ ಬರೆದು ಪತ್ರ ಹಾಕಿ. ಕಾಗದದ ಷೇರನ್ನು 2019ರ ಏಪ್ರಿಲ್‌ನಿಂದ ಹಾಗೇ ಮಾರಲು ಆಗುವುದಿಲ್ಲ, ಡಿಮ್ಯಾಟ್ ಆಗಲೇಬೇಕು. ಮಾವನವರು ತೀರಿಕೊಂಡಿದ್ದರೆ ಮರಣ ಪತ್ರ, ವಾರಸುದಾರರ ಕಾಗದ ಬೇಕು. ಏಳು ವರ್ಷ ಸತತ ಡಿವಿಡೆಂಡ್ ಯಾರೂ ತಗೊಂಡಿಲ್ಲ ಅಂದರೆ ಷೇರು ಐಇಪಿಎಫ್ ಅನ್ನುವ ಸರ್ಕಾರಿ ನಿಧಿಗೆ ಹೋಗಿರಬಹುದು. ಅಲ್ಲಿಂದಲೂ ವಾಪಸ್ ಪಡೆಯಬಹುದು, ಐಇಪಿಎಫ್-5 ಅನ್ನುವ ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೂ ವಾಪಸ್ ಕಳಿಸುತ್ತಾರೆ. ನನ್ನ ಭಾವನ ಪತ್ರದಲ್ಲಿ "ರಾವ್", ಆಧಾರ್‌ನಲ್ಲಿ "ರಾಯ". ಅಷ್ಟಕ್ಕೇ ಮೂರು ಅಫಿಡವಿಟ್ ಆಯಿತು.

ಇದನ್ನೆಲ್ಲ ಓಡಾಡಿ ಮಾಡಿಸಿದ ಮೇಲೆ ನಾನು ನನ್ನ ಖಾತೆಗಳಿಗೆಲ್ಲ ನಾಮಿನಿ ಹಾಕಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬ್ರೋಕರ್ ಹೆಸರು, ಡಿಮ್ಯಾಟ್ ಸಂಖ್ಯೆ, ಫಂಡುಗಳ ಫೋಲಿಯೊ ಬರೆದು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದ್ದೇನೆ. ಎಲ್ಲಿದೆ ಅಂತ ಮಗಳಿಗೆ ಹೇಳಿದ್ದೇನೆ. ಆ 2008ರ ಷೇರೂ ಪಟ್ಟಿಯಲ್ಲಿದೆ, ಕೊನೆಯ ಸಾಲಿನಲ್ಲಿ.